ಒಬ್ಬಳೇ ಸ್ಕೂಬಾ ಡೈವಿಂಗ್‌ಗೆ ಹೊರಟಾಗ ಎಲ್ಲಿ ಉಳಿಯಬೇಕು? ಹಡಗೋ, ಡೈವ್ ರೆಸಾರ್ಟೋ, ಊರೊಳಗಿನ ಕೊಠಡಿಯೋ?

ಕಡಲಗೀರು ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮುಂದಿನ ರಜೆಯಲ್ಲಿ ಒಂದು ವಾರವನ್ನು ಡೈವಿಂಗ್‌ಗೆಂದೇ ಮೀಸಲಿಟ್ಟು ಒಬ್ಬಳೇ ಹೊರಡಬೇಕೆಂದಿದ್ದೇನೆ. ಈವರೆಗೆ ಹೋದದ್ದೆಲ್ಲ ಗುಂಪಿನ ಜೊತೆಯಲ್ಲಿ. ಕೊಠಡಿ, ದೋಣಿ, ಡೈವ್ ಸೆಂಟರ್ ಎಲ್ಲವನ್ನೂ ಗುಂಪಿನಲ್ಲಿ ಅನುಭವವಿದ್ದ ಯಾರಾದರೂ ಗೊತ್ತುಮಾಡುತ್ತಿದ್ದರು, ನಾನು ನನ್ನ ಪಾಲಿನ ಹಣ ಕೊಟ್ಟು ಹೊರಡುತ್ತಿದ್ದೆ. ಈಗ ಆ ನಿರ್ಧಾರಗಳೆಲ್ಲ ನನ್ನ ಮೇಲೆಯೇ ಬಿದ್ದಿರುವಾಗ, ಡೈವ್ ತಾಣವನ್ನು ಆರಿಸುವುದಕ್ಕಿಂತ ಉಳಿಯುವ ಜಾಗವನ್ನು ಆರಿಸುವುದೇ ಕಷ್ಟವೆಂದು ತಿಳಿಯುತ್ತಿದೆ.

ನನ್ನ ಬಳಿ ಡೈವಿಂಗ್ ತರಬೇತಿಯ ಎರಡನೆಯ ಹಂತವಾದ ಅಡ್ವಾನ್ಸ್ಡ್ ಓಪನ್ ವಾಟರ್ ಪ್ರಮಾಣಪತ್ರವಿದೆ. ಮಾಡಿದ ಡೈವ್‌ಗಳನ್ನು ಬರೆದಿಡುವ ಲಾಗ್‌ಬುಕ್‌ನಲ್ಲಿ ಇನ್ನೂ ಐವತ್ತು ಡೈವ್ ತುಂಬಿಲ್ಲ. ಮಾಸ್ಕ್, ಸಿಲಿಂಡರಿನ ಗಾಳಿಯನ್ನು ಉಸಿರಾಟಕ್ಕೆ ಒದಗಿಸುವ ರೆಗ್ಯುಲೇಟರ್, ಆಳ ಮತ್ತು ಸಮಯದ ಲೆಕ್ಕವಿಡುವ ಡೈವ್ ಕಂಪ್ಯೂಟರ್ ಸ್ವಂತದ್ದಿವೆ; ಉಳಿದದ್ದನ್ನು ಅಲ್ಲಿಯೇ ಬಾಡಿಗೆಗೆ ಪಡೆಯುತ್ತೇನೆ. ಪ್ರಯಾಣ ಮಾತ್ರ ಒಬ್ಬಳದು, ನೀರಿನೊಳಗೆ ಒಬ್ಬಳೇ ಇಳಿಯುವ ಉದ್ದೇಶ ನನಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮುಂದಿರುವ ದಾರಿಗಳು ಮೂರು. ವಾರವಿಡೀ ಹಡಗಿನಲ್ಲೇ ಇದ್ದು ದಿನಕ್ಕೆ ಮೂರು ನಾಲ್ಕು ಡೈವ್ ಮಾಡುವ ಲಿವ್‌ಅಬೋರ್ಡ್ ಒಂದು. ಡೈವ್ ಸೆಂಟರ್ ತನ್ನದೇ ಕೊಠಡಿಗಳನ್ನಿಟ್ಟುಕೊಂಡು ನಡೆಸುವ ರೆಸಾರ್ಟ್ ಎರಡನೆಯದು. ಊರೊಳಗೆ ಕಡಿಮೆ ಬಾಡಿಗೆಯ ಕೊಠಡಿ ಹಿಡಿದು ಪ್ರತಿದಿನ ಬೇಕಾದ ಸೆಂಟರ್‌ನೊಂದಿಗೆ ಹೋಗುವುದು ಮೂರನೆಯದು. ಒಬ್ಬರೇ ಬರುವವರಿಗೆ ಇಬ್ಬರ ಕೊಠಡಿಯ ಬಾಡಿಗೆ ಹೇರುವ ಪದ್ಧತಿ, ಯಾರೆಂದು ತಿಳಿಯದ ಜೊತೆಗಾರನೊಂದಿಗೆ ನೀರಿಗಿಳಿಯಬೇಕಾದ ಆತಂಕ, ಸಂಜೆಯ ಹೊತ್ತಿನ ಸುರಕ್ಷತೆ, ಇವುಗಳನ್ನೆಲ್ಲ ತೂಗಿ ನೋಡುವಾಗ ಯಾವುದಕ್ಕೆ ಹೆಚ್ಚು ಬೆಲೆ ಕೊಡಬೇಕೆಂಬುದು ಸ್ಪಷ್ಟವಾಗುತ್ತಿಲ್ಲ. ಒಬ್ಬರೇ ಹೋಗಿಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಹವಳದಂಡೆ ಅವರ ಉತ್ತರ:

ಕೆಲವು ಕಾಲ ಡೈವರ್‌ಗಳನ್ನು ನೀರಿನೊಳಗೆ ಕರೆದೊಯ್ಯುವ ಡೈವ್‌ಮಾಸ್ಟರ್ ಆಗಿ ದುಡಿದವನು ನಾನು. ಒಬ್ಬರೇ ಬಂದ ಅತಿಥಿಗಳನ್ನು ದೋಣಿಗೆ ಹತ್ತಿಸಿಕೊಂಡ ಕಡೆಯಿಂದ ಮಾತನಾಡುತ್ತಿದ್ದೇನೆ.

ಮೊದಲು ಕೊಠಡಿಯನ್ನು ಆರಿಸಿ ಆಮೇಲೆ ಡೈವ್ ಸೆಂಟರ್ ಹುಡುಕುವ ಕ್ರಮವನ್ನು ತಿರುಗಿಸಿ. ಸೆಂಟರ್ ಮೊದಲು ಗೊತ್ತಾಗಲಿ, ಕೊಠಡಿ ಅದರ ಬೆನ್ನಿಗೆ ಬರಲಿ. ಗುಂಪಿನಲ್ಲಿ ಹೋದವರಿಗೆ ಈ ಕ್ರಮದಿಂದ ದೊಡ್ಡ ವ್ಯತ್ಯಾಸವಾಗುವುದಿಲ್ಲ, ಏಕೆಂದರೆ ಐದಾರು ಜನರಿದ್ದರೆ ಯಾವ ಸೆಂಟರ್ ಆದರೂ ದೋಣಿ ತೆಗೆಯುತ್ತದೆ. ಒಬ್ಬರೇ ಇದ್ದಾಗ ಹಾಗಲ್ಲ. ದೋಣಿ ಹೊರಡಲು ಕನಿಷ್ಠ ಇಷ್ಟು ಡೈವರ್‌ಗಳು ಬೇಕೆಂಬ ನಿಯಮವನ್ನು ಬಹುತೇಕ ಸೆಂಟರ್‌ಗಳು ಇಟ್ಟುಕೊಂಡಿರುತ್ತವೆ, ಆದರೆ ಅದನ್ನು ತಾವಾಗಿಯೇ ಹೇಳುವವರು ಕಡಿಮೆ. ಜನ ಕಡಿಮೆಯಿರುವ ತಿಂಗಳಿನಲ್ಲಿ ಒಳ್ಳೆಯ ಕೊಠಡಿ ಅಗ್ಗವಾಗಿ ಸಿಕ್ಕಿತೆಂದು ಹೋಗಿ, ಮೂರು ದಿನ ದೋಣಿ ಹೊರಡದೆ ದಡದಲ್ಲಿ ಕುಳಿತ ಅತಿಥಿಗಳನ್ನು ನಾನು ನೋಡಿದ್ದೇನೆ. ಆದ್ದರಿಂದ ಮುಂಗಡ ಕಟ್ಟುವ ಮೊದಲೇ, "ನಾನು ಬರುವ ವಾರದಲ್ಲಿ ಈಗಾಗಲೇ ಎಷ್ಟು ಡೈವರ್‌ಗಳು ಗೊತ್ತಾಗಿದ್ದಾರೆ, ನಾನೊಬ್ಬಳೇ ಇದ್ದರೂ ದೋಣಿ ಹೊರಡುತ್ತದೆಯೇ" ಎಂದು ನೇರವಾಗಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಹೌಸ್ ರೀಫ್ ಬಗ್ಗೆಯೂ ಒಂದು ಮಾತು. ದಡದಿಂದಲೇ ಇಳಿದು ನೋಡಬಹುದಾದ ಹವಳದ ಬಂಡೆ ರೆಸಾರ್ಟಿನ ಎದುರಿಗೇ ಇದೆ, ಬೇಕಾದಾಗಲೆಲ್ಲ ಡೈವ್ ಮಾಡಬಹುದು ಎಂಬ ಜಾಹೀರಾತನ್ನು ಓದುವಾಗ, ಆ ಮಾತು ಜೊತೆಗಾರನಿರುವವರಿಗೆ ಅನ್ವಯಿಸುವಂಥದ್ದು ಎಂಬುದನ್ನು ಗಮನಿಸಬೇಕು. ಹೆಚ್ಚಿನ ಕಡೆ ಒಬ್ಬರನ್ನೇ ನೀರಿಗೆ ಬಿಡುವುದಿಲ್ಲ. ಒಬ್ಬರೇ ಡೈವ್ ಮಾಡಲೆಂದೇ ಎಸ್‌ಡಿಐ ಸಂಸ್ಥೆಯ ಸೋಲೋ ಡೈವರ್, ಪಾಡಿ ಸಂಸ್ಥೆಯ ಸೆಲ್ಫ್ ರಿಲಯಂಟ್ ಡೈವರ್ ಎಂಬ ತರಬೇತಿಗಳಿವೆ. ಎರಡಕ್ಕೂ ಕನಿಷ್ಠ 100 ಡೈವ್‌ಗಳ ದಾಖಲೆ ಬೇಕು. ಆ ಪ್ರಮಾಣಪತ್ರವಿದ್ದವರಿಗೂ ಒಪ್ಪಿಗೆ ಕೊಡದ ಸೆಂಟರ್‌ಗಳು ಸಾಕಷ್ಟಿವೆ. ಹೀಗಾಗಿ ನೀವು ಕೇಳಬೇಕಾದದ್ದು ಹೌಸ್ ರೀಫ್ ಇದೆಯೇ ಎಂದಷ್ಟೇ ಅಲ್ಲ, ಜೊತೆಗಾರನಿಲ್ಲದ ದಿನ ಅಲ್ಲಿಗೆ ಗೈಡ್ ಬರುತ್ತಾರೆಯೇ, ಬಂದರೆ ಅದಕ್ಕೆ ಬೇರೆ ಶುಲ್ಕವಿದೆಯೇ ಎಂದು.

ಜೊತೆಗಾರನ ಆತಂಕಕ್ಕೆ ಪರಿಹಾರ ಉಳಿಯುವ ಜಾಗದಲ್ಲೇ ಇದೆ ಎಂಬುದು ನನ್ನ ದೃಢ ಅಭಿಪ್ರಾಯ. ಎಂಟು ಹತ್ತು ಕೊಠಡಿಗಳ ಸಣ್ಣ ಡೈವ್ ಲಾಡ್ಜಿನಲ್ಲಿ ಎಲ್ಲರೂ ಒಂದೇ ಮೇಜಿನ ಸುತ್ತ ಊಟ ಮಾಡುತ್ತಾರೆ. ಮೊದಲ ಸಂಜೆಯೇ ಯಾರು ಗಾಳಿಯನ್ನು ಬೇಗ ಮುಗಿಸುತ್ತಾರೆ, ಯಾರು ಕ್ಯಾಮೆರಾ ಹಿಡಿದು ಒಂದೇ ಕಡೆ ನಿಲ್ಲುತ್ತಾರೆ, ಯಾರಿಗೆ ಸೆಳೆತದ ನೀರು ಹೊಸದು ಎಂಬುದೆಲ್ಲ ಮಾತಿನಲ್ಲಿ ಹೊರಬರುತ್ತದೆ. ಗೈಡ್ ಕೂಡ ಅಲ್ಲೇ ಕುಳಿತಿರುವುದರಿಂದ ಮರುದಿನ ಜೋಡಿಗಳನ್ನು ಮಾಡುವಾಗ ಅವನ ಬಳಿ ಆಧಾರವಿರುತ್ತದೆ. ಇನ್ನೂರು ಕೊಠಡಿಗಳ ಹೋಟೆಲಿನಲ್ಲಿ ಉಳಿದವರನ್ನು ಅವನು ಮೊದಲ ಬಾರಿಗೆ ನೋಡುವುದೇ ದೋಣಿಯ ಮೇಲೆ, ಆಗ ಜೋಡಿ ಮಾಡುವುದು ಪ್ರಮಾಣಪತ್ರದ ಕಾರ್ಡಿನ ಮೇಲಿನ ಹಂತವನ್ನು ನೋಡಿ ಮಾತ್ರ. ಮೊದಲ ದಿನ ಆಳವಿಲ್ಲದ, ಸೆಳೆತವಿಲ್ಲದ ಜಾಗದಲ್ಲಿ ಚೆಕ್ ಡೈವ್ ಮಾಡಿಸುವ ಸೆಂಟರ್ ಆದರೆ ಅದನ್ನು ಕಾಲಹರಣವೆಂದು ತಿಳಿಯಬೇಡಿ. ಅಪರಿಚಿತ ಜೊತೆಗಾರ ಹೇಗೆ ಈಜುತ್ತಾನೆ, ಸನ್ನೆಗಳಿಗೆ ಹೇಗೆ ಸ್ಪಂದಿಸುತ್ತಾನೆ ಎಂಬುದನ್ನು ನೋಡಿಕೊಳ್ಳಲು ನಿಮಗೂ ಅದೊಂದು ಅವಕಾಶ.

ಕೆಲವು ಕಡೆ ಡೈವ್ ತಾಣದಲ್ಲಿ ಉಳಿಯುವುದೇ ಸಾಧ್ಯವಿಲ್ಲ ಎಂಬುದೂ ಲೆಕ್ಕದಲ್ಲಿರಲಿ. ಮಲೇಷ್ಯಾದ ಸಿಪಡಾನ್ ದ್ವೀಪದಲ್ಲಿದ್ದ ರೆಸಾರ್ಟ್‌ಗಳನ್ನು 2004ರ ಕೊನೆಗೆ ತೆರವುಗೊಳಿಸಲಾಯಿತು. ಈಗ ಮಬುಲ್, ಕಪಲಾಯ್ ದ್ವೀಪಗಳಲ್ಲೋ ಸೆಂಪೋರ್ನಾ ಪಟ್ಟಣದಲ್ಲೋ ಉಳಿದು, ದಿನಕ್ಕೆ ಇಂತಿಷ್ಟೇ ಎಂದು ಕೊಡುವ ಪರವಾನಗಿಯೊಂದಿಗೆ ಅಲ್ಲಿಗೆ ಹೋಗಿಬರಬೇಕು. ಇಂಥ ಕಡೆ ಕೊಠಡಿಯ ಅಂದಚಂದಕ್ಕಿಂತ, ಅಷ್ಟು ದಿನ ಉಳಿದವರಿಗೆ ಎಷ್ಟು ದಿನದ ಪರವಾನಗಿ ಖಚಿತವಾಗಿ ಸಿಗುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ.

ದೋಣಿಗಟ್ಟೆ ಅವರ ಉತ್ತರ:

ಹವಳದಂಡೆಯವರ ಮಾತಿನಲ್ಲಿ ಬಹಳಷ್ಟನ್ನು ಒಪ್ಪುತ್ತೇನೆ, ಆದರೆ ಒಬ್ಬರೇ ಹೊರಟವರಿಗೆ ಲಿವ್‌ಅಬೋರ್ಡ್‌ಗಿಂತ ಸಹಜವಾದ ಜಾಗ ಇನ್ನೊಂದಿಲ್ಲ ಎಂದು ನನ್ನ ಅನುಭವ ಹೇಳುತ್ತದೆ. ಹಡಗಿನಲ್ಲಿ ಎಲ್ಲರೂ ಡೈವ್ ಮಾಡಲೆಂದೇ ಬಂದವರು, ಎಲ್ಲರ ದಿನಚರಿಯೂ ಒಂದೇ, ಸಂಜೆಗೆ ಹೋಗಲು ಬೇರೆ ಜಾಗವಿಲ್ಲ. ದೋಣಿ ಹೊರಡುತ್ತದೋ ಇಲ್ಲವೋ ಎಂಬ ದಿನನಿತ್ಯದ ಪ್ರಶ್ನೆಯೂ ಅಲ್ಲಿಲ್ಲ. ಎರಡನೆಯ ದಿನದ ಹೊತ್ತಿಗೆ ಜೋಡಿಗಳು ತಾವಾಗಿಯೇ ಕೂಡಿಬಂದಿರುತ್ತವೆ.

ಹೆಚ್ಚುವರಿ ಬಾಡಿಗೆಯ ವಿಷಯದಲ್ಲಿಯೂ ಹಡಗುಗಳು ಸಾಮಾನ್ಯವಾಗಿ ಉದಾರ. ಎರಡು ಹಾಸಿಗೆಯ ಕ್ಯಾಬಿನ್ನಿನಲ್ಲಿ ಒಂದು ಹಾಸಿಗೆಯನ್ನು ಮಾತ್ರ ಕೊಳ್ಳಲು ಅನೇಕರು ಅವಕಾಶ ಕೊಡುತ್ತಾರೆ, ಮಹಿಳೆಯರನ್ನು ಮಹಿಳೆಯರೊಂದಿಗೇ ಹಾಕುತ್ತಾರೆ. ಆದರೆ ಹಾಗೆಂದು ಊಹಿಸಿಕೊಳ್ಳಬಾರದು, ಕೇಳಿ ಖಚಿತಪಡಿಸಿಕೊಳ್ಳಬೇಕು. ಜೊತೆಗೆ ಮಹಿಳೆ ಯಾರೂ ಬರದಿದ್ದರೆ ಕ್ಯಾಬಿನ್ ನಿಮ್ಮೊಬ್ಬರಿಗೇ ಉಳಿಯುತ್ತದೆಯೇ, ಅಥವಾ ಆಗ ಪೂರ್ತಿ ಬಾಡಿಗೆ ಕೇಳುತ್ತಾರೆಯೇ ಎಂಬುದೂ ಮೊದಲೇ ತೀರ್ಮಾನವಾಗಲಿ.

ನಿಮ್ಮ ಲಾಗ್‌ಬುಕ್ ಮಾತ್ರ ಇಲ್ಲಿ ಅಡ್ಡ ಬರಬಹುದು. ಕೆಂಪು ಸಮುದ್ರದ ಬ್ರದರ್ಸ್, ಡೆಡಾಲಸ್‌ನಂಥ ದೂರದ ಬಂಡೆಗಳಿಗೆ ಹೋಗುವ ಹಡಗುಗಳು ಸಾಮಾನ್ಯವಾಗಿ ಕನಿಷ್ಠ 50 ಡೈವ್‌ಗಳ ದಾಖಲೆ ಕೇಳುತ್ತವೆ. ಅಲ್ಲಿ ತೆರೆದ ಸಮುದ್ರದ ಸೆಳೆತವಿದೆ, ರಬ್ಬರ್ ದೋಣಿಯಿಂದ ಇಳಿದು ಹತ್ತಬೇಕು, ಆಧಾರಕ್ಕೆ ತಳ ಕಾಣುವುದಿಲ್ಲ. ಗ್ಯಾಲಪಗೋಸ್‌ನ ಡಾರ್ವಿನ್ ಮತ್ತು ವೂಲ್ಫ್ ದ್ವೀಪಗಳು, ಕೋಸ್ಟಾರಿಕಾದ ತೀರದಿಂದ ಸುಮಾರು 550 ಕಿಲೋಮೀಟರ್ ದೂರದ ಕೋಕೋಸ್ ದ್ವೀಪ, ಇವುಗಳಲ್ಲಿ ಡೈವ್ ಮಾಡಲು ಹಡಗಿನ ಹೊರತು ಬೇರೆ ವಾಸವೇ ಇಲ್ಲ, ಆದರೆ ಅವು ಇನ್ನಷ್ಟು ಅನುಭವವಾದ ಮೇಲಿನ ಮಾತು. ನಿಮ್ಮ ಹಂತಕ್ಕೆ ಒಗ್ಗುವ ಶಾಂತ ಮಾರ್ಗಗಳೂ ಇವೆ. ಥಾಯ್ಲೆಂಡಿನ ಸಿಮಿಲಾನ್ ದ್ವೀಪಗಳ ಕಡೆಗೆ ಹೋಗುವ ಅನೇಕ ಹಡಗುಗಳು ಹೊಸಬರನ್ನೂ ಸೇರಿಸಿಕೊಳ್ಳುತ್ತವೆ. ಆ ದ್ವೀಪಗಳು ಮೇ ಮಧ್ಯಭಾಗದಿಂದ ಅಕ್ಟೋಬರ್ ಮಧ್ಯಭಾಗದವರೆಗೆ ಮುಚ್ಚಿರುತ್ತವೆ ಎಂಬುದನ್ನು ರಜೆಯ ತಿಂಗಳಿನೊಂದಿಗೆ ಹೊಂದಿಸಿ ನೋಡಿ.

ಹಡಗನ್ನು ಆರಿಸುವಾಗ ನಾನು ಕ್ಯಾಬಿನ್ನಿನ ಚಿತ್ರಗಳಿಗಿಂತ ಮೊದಲು ಕೇಳುವುದು ಬೆಂಕಿಯ ಬಗ್ಗೆ. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾಕ್ರೂಜ್ ದ್ವೀಪದ ಬಳಿ ಲಂಗರು ಹಾಕಿದ್ದ 'ಕನ್ಸೆಪ್ಶನ್' ಎಂಬ ಡೈವ್ ಹಡಗಿಗೆ ಬೆಂಕಿ ಬಿದ್ದು, ಕೆಳ ಅಂತಸ್ತಿನಲ್ಲಿ ಮಲಗಿದ್ದ 34 ಮಂದಿಯೂ ಸತ್ತರು. ರಾತ್ರಿ ಎಚ್ಚರವಿದ್ದು ಸುತ್ತಾಡುವ ಕಾವಲುಗಾರ ಇರಲಿಲ್ಲ; ಕೆಳಗಿನ ಮಲಗುವ ಕೋಣೆಯಿಂದ ಇದ್ದ ಎರಡು ದಾರಿಗಳೂ ಬೆಂಕಿ ಹೊತ್ತಿದ್ದ ಒಂದೇ ಹಜಾರಕ್ಕೆ ತೆರೆದುಕೊಳ್ಳುತ್ತಿದ್ದವು. ಬೆಂಕಿಯ ಮೂಲವನ್ನು ತನಿಖೆ ಖಚಿತವಾಗಿ ಗುರುತಿಸಲಾಗದಿದ್ದರೂ, ಆ ಹಜಾರದಲ್ಲಿ ಕ್ಯಾಮೆರಾ ಮತ್ತು ಟಾರ್ಚ್‌ಗಳ ಬ್ಯಾಟರಿಗಳು ಚಾರ್ಜ್ ಆಗುತ್ತಿದ್ದುದು ದಾಖಲಾಗಿದೆ. ಆದ್ದರಿಂದ ರಾತ್ರಿಯಿಡೀ ಎಚ್ಚರವಿರುವ ಸಿಬ್ಬಂದಿ ಇದ್ದಾರೆಯೇ, ಕೆಳ ಅಂತಸ್ತಿನಿಂದ ಬೇರೆ ಬೇರೆ ಕಡೆಗೆ ತೆರೆಯುವ ಎರಡು ದಾರಿಗಳಿವೆಯೇ, ಬ್ಯಾಟರಿ ಚಾರ್ಜ್ ಮಾಡಲು ಕಣ್ಗಾವಲಿನ ಪ್ರತ್ಯೇಕ ಜಾಗವಿದೆಯೇ ಎಂದು ಕೇಳಿ. ಹತ್ತಿದ ಮೊದಲ ಸಂಜೆಯೇ ನಿಮ್ಮ ಹಾಸಿಗೆಯಿಂದ ಮೇಲಿನ ಅಂತಸ್ತಿಗೆ ಎರಡೂ ದಾರಿಗಳಲ್ಲಿ ಒಮ್ಮೆ ನಡೆದು ನೋಡಿ. ಗುಂಪಿನಲ್ಲಿ ಬಂದವರನ್ನು ಯಾರಾದರೂ ಎಬ್ಬಿಸಿಯಾರು. ಒಬ್ಬರೇ ಬಂದವರು ದಾರಿಯನ್ನು ತಾವೇ ಬಲ್ಲವರಾಗಿರಬೇಕು.

ತಿಳಿನೀರು ಅವರ ಉತ್ತರ:

ಮಹಿಳೆಯಾಗಿ ಒಬ್ಬಳೇ ಡೈವ್ ಪ್ರವಾಸಗಳಿಗೆ ಹೋಗುವವಳಾದ್ದರಿಂದ, ಮೇಲಿನ ಇಬ್ಬರೂ ಬದಿಗೊತ್ತಿದ ಮೂರನೆಯ ದಾರಿಯ ಪರವಾಗಿ ಸ್ವಲ್ಪ ಹೇಳಬಯಸುತ್ತೇನೆ.

ಹಡಗಿನಲ್ಲಾಗಲಿ ಪ್ಯಾಕೇಜಿನ ರೆಸಾರ್ಟಿನಲ್ಲಾಗಲಿ ನೀವು ವಾರದ ಹಣವನ್ನು ಮೊದಲೇ ಕಟ್ಟಿ ಕೈಕಟ್ಟಿಕೊಂಡಿರುತ್ತೀರಿ. ಗೈಡ್ ಅಜಾಗರೂಕನೆಂದೋ, ಬಾಡಿಗೆಯ ಉಪಕರಣ ಹಳತಾಗಿದೆಯೆಂದೋ, ಗುಂಪಿನ ವೇಗ ನಿಮಗೆ ಒಗ್ಗುತ್ತಿಲ್ಲವೆಂದೋ ಎರಡನೆಯ ದಿನವೇ ತಿಳಿದರೂ ಹೊರಬರುವುದು ಕಷ್ಟ. ಊರೊಳಗಿನ ಕೊಠಡಿಯಲ್ಲಿದ್ದರೆ ಮರುದಿನ ಬೇರೆ ಸೆಂಟರ್‌ಗೆ ಹೋಗಬಹುದು. ಇದು ಎಲ್ಲ ಕಡೆಯೂ ನಡೆಯುವ ಮಾತಲ್ಲ. ನಡೆದು ಹೋಗುವಷ್ಟು ದೂರದಲ್ಲಿ ಹಲವು ಸೆಂಟರ್‌ಗಳಿರುವ, ದಡದಿಂದಲೇ ಇಳಿಯಬಹುದಾದ ಜಾಗಗಳಲ್ಲಿ ಮಾತ್ರ ಇದಕ್ಕೆ ಅರ್ಥವಿದೆ. ಈಜಿಪ್ಟಿನ ದಹಾಬ್ ಅಂಥದ್ದು, ಥಾಯ್ಲೆಂಡಿನ ಕೊ ಟಾವ್ ಕೂಡ. ಕೆರಿಬಿಯನ್‌ನ ಬೊನೇರ್ ದ್ವೀಪದಲ್ಲಿ ರಸ್ತೆಯಂಚಿಗೆ ಹಳದಿ ಬಣ್ಣದ ಕಲ್ಲುಗಳನ್ನಿಟ್ಟು ಡೈವ್ ತಾಣಗಳನ್ನು ಗುರುತಿಸಿದ್ದಾರೆ, ಡೈವರ್‌ಗಳು ವಾಹನದಲ್ಲಿ ಸಿಲಿಂಡರ್ ಹೇರಿಕೊಂಡು ತಾವೇ ಹೋಗುತ್ತಾರೆ. ಆದರೆ ಜೊತೆಗಾರನಿಲ್ಲದೆ ಹೋದವರಿಗೆ ಆ ಸ್ವಾತಂತ್ರ್ಯದ ಅರ್ಧ ಮಾತ್ರ ದಕ್ಕುತ್ತದೆ. ಮಾಲ್ಡೀವ್ಸ್‌ನಲ್ಲಿ 2009ರ ನಂತರ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹಗಳಿಗೆ ಅವಕಾಶ ಸಿಕ್ಕಿದ್ದರಿಂದ, ಒಂದಿಡೀ ದ್ವೀಪವೇ ರೆಸಾರ್ಟ್ ಆಗಿರುವ ದುಬಾರಿ ವ್ಯವಸ್ಥೆಗೆ ಪರ್ಯಾಯ ಹುಟ್ಟಿಕೊಂಡಿತು. ಒಬ್ಬರೇ ಹೋಗುವವರಿಗೆ ಅದರಿಂದ ಆದ ಅನುಕೂಲ ದೊಡ್ಡದು.

ಸುರಕ್ಷತೆಯ ವಿಷಯದಲ್ಲಿ ನಾನು ಪಾಲಿಸುವ ಕೆಲವು ಸಂಗತಿಗಳಿವೆ. ಮೊದಲ ಎರಡು ರಾತ್ರಿಗಳಿಗೆ ಮಾತ್ರ ಕೊಠಡಿ ಗೊತ್ತುಮಾಡಿ, ಇಷ್ಟವಾದರೆ ಮುಂದುವರಿಸುತ್ತೇನೆ. ಹಬ್ಬದ ರಜೆಯ ದಿನಗಳಲ್ಲಿ ಮಾತ್ರ ಇದು ಆಗದು. ವಿಮಾನ ಇಳಿಯುವುದು ರಾತ್ರಿಯಾದರೆ ಆ ರಾತ್ರಿ ವಿಮಾನ ನಿಲ್ದಾಣದ ಬಳಿಯೇ ಉಳಿದು ಬೆಳಕಿನಲ್ಲಿ ಮುಂದೆ ಹೋಗುತ್ತೇನೆ. ಒಳಗಿನಿಂದ ಹಾಕುವ ಚಿಲಕ ಗಟ್ಟಿಯಾಗಿರದ ಕೊಠಡಿಯನ್ನು ಒಪ್ಪುವುದಿಲ್ಲ. ಡೈವ್ ಸೆಂಟರ್‌ನಿಂದ ಕೊಠಡಿಗೆ ಹೋಗುವ ದಾರಿ ಕತ್ತಲಾದ ಮೇಲೂ ಬೆಳಕಿರುವ, ಜನರಿರುವ ದಾರಿಯೇ ಎಂದು ಇತ್ತೀಚೆಗೆ ಅಲ್ಲಿದ್ದ ಮಹಿಳಾ ಅತಿಥಿಗಳ ಬರಹಗಳಿಂದ ತಿಳಿದುಕೊಳ್ಳುತ್ತೇನೆ, ಏಕೆಂದರೆ ರಾತ್ರಿ ಡೈವ್ ಮುಗಿಸಿ ಒದ್ದೆ ಬಟ್ಟೆಯಲ್ಲಿ, ಭಾರದ ಚೀಲದೊಂದಿಗೆ ನಡೆಯಬೇಕಾದ ದಾರಿ ಅದು. ಸಿಬ್ಬಂದಿಯಲ್ಲಿ ಮಹಿಳಾ ಗೈಡ್ ಅಥವಾ ತರಬೇತುದಾರರು ಇದ್ದಾರೆಯೇ ಎಂದೂ ಕೇಳುತ್ತೇನೆ. ಇದ್ದ ಕಡೆಯ ವಾತಾವರಣದಲ್ಲಿ ನನಗೆ ಹೆಚ್ಚು ನೆಮ್ಮದಿ ಕಂಡಿದೆ.

ಒಂದು ಸಣ್ಣ ವಿಷಯ, ಆದರೆ ವಾರವಿಡೀ ಕಾಡುವಂಥದ್ದು: ಊರೊಳಗಿನ ಸಾಮಾನ್ಯ ಕೊಠಡಿಯಲ್ಲಿ ಒದ್ದೆಯಾದ ಉಪಕರಣಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಲು ಜಾಗವಿರುವುದಿಲ್ಲ. ಉಪ್ಪು ಹಾಗೆಯೇ ಉಳಿದರೆ ರೆಗ್ಯುಲೇಟರ್ ಹಾಳಾಗುತ್ತದೆ. ತೊಳೆದು, ಒಣಗಿಸಿ, ಬೀಗ ಹಾಕಿ ಇಡುವ ವ್ಯವಸ್ಥೆ ಸೆಂಟರ್‌ನಲ್ಲೇ ಇದ್ದರೆ ಕೊಠಡಿ ಎಷ್ಟು ಸಣ್ಣದಾದರೂ ನಡೆಯುತ್ತದೆ.

ಕಡಲಗೀರು ಮತ್ತೆ ಬರೆದದ್ದು:

ಮೂವರಿಗೂ ಕೃತಜ್ಞತೆಗಳು. ದೋಣಿ ಹೊರಡಲು ಕನಿಷ್ಠ ಸಂಖ್ಯೆಯ ನಿಯಮವಿರುವುದು ನನಗೆ ಗೊತ್ತೇ ಇರಲಿಲ್ಲ. ಲಾಗ್‌ಬುಕ್‌ನ ಸ್ಥಿತಿಯನ್ನು ನೋಡಿದರೆ ಈ ಬಾರಿ ದೂರದ ಹಡಗು ಮಾರ್ಗ ಬೇಡವೆನಿಸುತ್ತದೆ. ಹವಳದಂಡೆಯವರು ಹೇಳಿದ ಸಣ್ಣ ಡೈವ್ ಲಾಡ್ಜಿನ ಕಡೆ ಮನಸ್ಸು ವಾಲಿದೆ.

ಇನ್ನೂ ಎರಡು ಸಂದೇಹಗಳು. ಬೇರೆ ಯಾರೂ ಇಲ್ಲದ ಕೊಠಡಿಯಲ್ಲಿ, ಡೈವ್ ಮುಗಿದ ಮೇಲೆ ಆರೋಗ್ಯ ಕೆಟ್ಟರೆ ಏನು ಮಾಡಬೇಕು, ಅದಕ್ಕೆ ತಕ್ಕಂತೆ ಜಾಗವನ್ನು ಹೇಗೆ ಆರಿಸಬೇಕು? ಎರಡನೆಯದು, ಕೊನೆಯ ದಿನ ಡೈವ್ ಮಾಡದೆ ಹತ್ತಿರದ ಗುಡ್ಡಪ್ರದೇಶವೊಂದರಲ್ಲಿ ಒಂದು ರಾತ್ರಿ ಕಳೆದು ಮರುದಿನ ವಿಮಾನ ಹತ್ತಬೇಕೆಂಬ ಯೋಚನೆಯಿದೆ. ಅದು ಸರಿಯೇ?

ಆಳದುಸಿರು ಅವರ ಉತ್ತರ:

ನಾನು ವೈದ್ಯ, ಡೈವರ್ ಕೂಡ. ನಿಮ್ಮ ಮೊದಲನೆಯ ಸಂದೇಹವೇ ಈ ಇಡೀ ಚರ್ಚೆಯಲ್ಲಿ ಅತ್ಯಂತ ತೂಕದ್ದು ಎಂದು ಭಾವಿಸುತ್ತೇನೆ.

ಆಳದಲ್ಲಿ ದೇಹ ಹೀರಿಕೊಂಡ ಸಾರಜನಕ, ಮೇಲೆ ಬಂದು ಒತ್ತಡ ಕಡಿಮೆಯಾದಾಗ ಗುಳ್ಳೆಗಳಾಗುವುದರಿಂದ ಬರುವುದು ಡಿಕಂಪ್ರೆಷನ್ ಕಾಯಿಲೆ. ಅದರ ಲಕ್ಷಣಗಳು ಬಹಳಷ್ಟು ಸಲ ನೀರಿನಿಂದ ಹೊರಬಂದ ಕೆಲವೇ ಗಂಟೆಗಳಲ್ಲಿ, ಹೆಚ್ಚು ಕಡಿಮೆ ಎಲ್ಲವೂ 24 ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತವೆ. ಆ ಹೊತ್ತಿಗೆ ಡೈವರ್ ದೋಣಿಯನ್ನು ಬಿಟ್ಟು ಕೊಠಡಿ ಸೇರಿರುತ್ತಾನೆ. ಕೀಲುಗಳಲ್ಲಿ ನೋವು, ಕೈಕಾಲುಗಳಲ್ಲಿ ಜೋಮು ಅಥವಾ ಮರಗಟ್ಟುವಿಕೆ, ತಲೆಸುತ್ತು, ಚರ್ಮದ ಮೇಲೆ ಮಚ್ಚೆ, ಕಾರಣವಿಲ್ಲದ ವಿಪರೀತ ದಣಿವು, ನಡೆಯುವಾಗ ತೂರಾಟ, ಮೂತ್ರ ಕಟ್ಟುವುದು, ಇವುಗಳಲ್ಲಿ ಅನೇಕವನ್ನು ದಿನವಿಡೀ ಸಿಲಿಂಡರ್ ಹೊತ್ತವರು ಸಾಮಾನ್ಯ ಆಯಾಸವೆಂದೇ ತಳ್ಳಿಹಾಕುತ್ತಾರೆ. ಜೊತೆಗಿದ್ದವರು "ಏಕೆ ಹೀಗೆ ಕುಂಟುತ್ತೀಯ" ಎಂದು ಕೇಳಿದಾಗಲೇ ವಿಷಯ ಹೊರಬೀಳುವುದು ಎಷ್ಟೋ ಸಲ. ಕೊಠಡಿಯಲ್ಲಿ ಒಬ್ಬರೇ ಇರುವವರನ್ನು ಹಾಗೆ ಕೇಳುವವರಿಲ್ಲ. ಮಲಗಿ ಎದ್ದರೆ ಸರಿಹೋಗುತ್ತದೆ ಎಂದುಕೊಂಡು ಮಲಗಿದವರು ಚಿಕಿತ್ಸೆಯ ಅಮೂಲ್ಯ ಗಂಟೆಗಳನ್ನು ಕಳೆದುಕೊಳ್ಳುತ್ತಾರೆ. ಹೀಗಾಗಿ ನೀವು ಉಳಿಯುವ ಜಾಗ ಯಾವುದೇ ಬಗೆಯದಾಗಿರಲಿ, ಬೆಳಗಿನ ತಿಂಡಿಗೆ ನೀವು ಬರದಿದ್ದರೆ ಬಾಗಿಲು ತಟ್ಟುವ ಒಬ್ಬರಾದರೂ ಅಲ್ಲಿರಬೇಕು. ಸಣ್ಣ ಲಾಡ್ಜ್ ಬೇಕೆನ್ನಲು ಹವಳದಂಡೆಯವರು ಕೊಟ್ಟ ಕಾರಣಗಳಿಗಿಂತ ಇದು ದೊಡ್ಡ ಕಾರಣವೆಂದು ನಾನು ನಂಬುತ್ತೇನೆ. ತಿಳಿನೀರು ಅವರು ಹೇಳಿದಂತೆ ಊರೊಳಗೆ ಉಳಿಯುವುದಾದರೆ, ರಾತ್ರಿ ಮಲಗುವ ಮುನ್ನ ಮತ್ತು ಬೆಳಗ್ಗೆ ಎದ್ದಾಗ ಮನೆಯವರಿಗೋ ಡೈವ್ ಸೆಂಟರ್‌ಗೋ ಒಂದು ಸಂದೇಶ ಕಳುಹಿಸುವ ಒಪ್ಪಂದ ಮಾಡಿಕೊಳ್ಳಿ. ಸಂದೇಶ ಬಾರದಿದ್ದರೆ ಅವರು ಯಾರಿಗೆ ಕರೆ ಮಾಡಬೇಕೆಂಬುದೂ ಅವರ ಬಳಿ ಬರೆದಿಟ್ಟಿರಲಿ.

ಲಕ್ಷಣ ಕಂಡಾಗ ಮೊದಲು ಬೇಕಾದದ್ದು ಶೇಕಡಾ 100ರ ಆಮ್ಲಜನಕ. ಅದು ದೋಣಿಯ ಮೇಲಿದ್ದರೆ ಸಾಲದು. ಡೈವ್ ಸೆಂಟರ್ ಸಂಜೆ ಬಾಗಿಲು ಹಾಕಿದ ಮೇಲೆ ಆಮ್ಲಜನಕದ ಪೆಟ್ಟಿಗೆಯ ಕೀಲಿ ಯಾರ ಬಳಿ ಇರುತ್ತದೆ ಎಂದು ಕೇಳಿ. ಸೆಂಟರ್ ಮತ್ತು ಕೊಠಡಿ ಒಂದೇ ಆವರಣದಲ್ಲಿದ್ದು ಸಿಬ್ಬಂದಿಯೂ ಅಲ್ಲೇ ಮಲಗುವುದಾದರೆ ಉತ್ತರ ಸುಲಭ. ಈ ಕಾಯಿಲೆಗೆ ಹೆಚ್ಚಿನ ಒತ್ತಡದಲ್ಲಿಟ್ಟು ಚಿಕಿತ್ಸೆ ಕೊಡುವ ಹೈಪರ್‌ಬೇರಿಕ್ ಚೇಂಬರ್ ಹತ್ತಿರದಲ್ಲಿ ಎಲ್ಲಿದೆ, ಅದು ಈಗ ಕೆಲಸ ಮಾಡುತ್ತಿದೆಯೇ, ರಾತ್ರಿಯ ಹೊತ್ತು ಅಲ್ಲಿಗೆ ತಲುಪುವ ದೋಣಿ ಅಥವಾ ವಾಹನ ಯಾವುದು ಎಂಬ ಪ್ರಶ್ನೆಗಳಿಗೂ ಉತ್ತರ ತಡವರಿಸದೆ ಬರಬೇಕು. ದೂರದ ದ್ವೀಪದಲ್ಲಿ ಚೇಂಬರ್ ಹತ್ತಿರವಿಲ್ಲದಿರುವುದು ತಪ್ಪೇನಲ್ಲ. ಆಗ ಡೈವ್‌ಗಳನ್ನು ಇನ್ನಷ್ಟು ಎಚ್ಚರಿಕೆಯಿಂದ ಯೋಜಿಸಬೇಕು, ಅಷ್ಟೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1980ರಲ್ಲಿ ಆರಂಭವಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ ದಿನದ 24 ಗಂಟೆಯೂ ತುರ್ತು ಕರೆಗೆ ಸಿಗುತ್ತದೆ. ಹೊರಡುವ ಮೊದಲೇ ಆ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಕೊಠಡಿಯಲ್ಲಿ ಫೋನ್ ಸಂಕೇತ ಸಿಗುತ್ತದೆಯೇ ಎಂಬುದು ಮನರಂಜನೆಯ ಪ್ರಶ್ನೆಯಲ್ಲ ಎಂದು ಇದರಿಂದಲೇ ತಿಳಿಯುತ್ತದೆ.

ಗುಡ್ಡದ ಮೇಲಿನ ರಾತ್ರಿಯ ಯೋಚನೆಯನ್ನು ದಯವಿಟ್ಟು ಬದಲಿಸಿ. ಹಲವು ದಿನ ಸತತವಾಗಿ ಡೈವ್ ಮಾಡಿದವರು ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ, ನಡುನಡುವೆ ನಿಲ್ಲುತ್ತಾ ಮೇಲೆ ಬರಬೇಕಾದ ಡಿಕಂಪ್ರೆಷನ್ ಡೈವ್ ಮಾಡಿದವರು ಅದಕ್ಕಿಂತ ಗಣನೀಯವಾಗಿ ಹೆಚ್ಚು ಹೊತ್ತು ಕಾಯಬೇಕೆಂಬುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ. ಅನೇಕರು ಎಲ್ಲಕ್ಕೂ 24 ಗಂಟೆಯನ್ನೇ ಪಾಲಿಸುತ್ತಾರೆ, ನಾನೂ ಹಾಗೆಯೇ ಮಾಡುತ್ತೇನೆ. ಇದು ವಿಮಾನಕ್ಕೆ ಮಾತ್ರ ಅನ್ವಯಿಸುವ ಲೆಕ್ಕವೆಂದು ತಿಳಿಯುವವರು ಬಹಳ ಮಂದಿ. ಹಾರುವ ವಿಮಾನದ ಒಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಒತ್ತಡಕ್ಕೆ ಇಳಿಯಬಲ್ಲದು, ಆದರೆ ಎಚ್ಚರಿಕೆ ಬೇಕಾಗುವುದು ಸುಮಾರು 600 ಮೀಟರ್ ಎತ್ತರದಿಂದಲೇ. ರಸ್ತೆಯಲ್ಲಿ ವಾಹನದಲ್ಲಿ ಹತ್ತಿದರೂ ದೇಹದಲ್ಲಿ ಉಳಿದ ಸಾರಜನಕಕ್ಕೆ ಅದು ಒತ್ತಡ ಕಡಿಮೆಯಾದಂತೆಯೇ. ಆದ್ದರಿಂದ ಕೊನೆಯ ಡೈವ್ ಮಧ್ಯಾಹ್ನದೊಳಗೆ ಮುಗಿಯಲಿ, ಆ ರಾತ್ರಿಯೂ ಮರುದಿನವೂ ಸಮುದ್ರಮಟ್ಟದಲ್ಲೇ ಉಳಿಯಿರಿ. ಗುಡ್ಡವನ್ನು ನೋಡಲೇಬೇಕಿದ್ದರೆ ಪ್ರವಾಸದ ಮೊದಲ ದಿನಗಳಿಗೆ ಹಾಕಿಕೊಳ್ಳಿ. ಡೈವ್ ತಾಣದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆಯೇ ಎತ್ತರದ ಕಣಿವೆದಾರಿಯನ್ನು ದಾಟುವುದಾದರೆ ಆ ಪ್ರಯಾಣವನ್ನೂ ಇದೇ ಲೆಕ್ಕದಲ್ಲಿ ಸೇರಿಸಬೇಕು.

ವಿಮೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಕೆಲವು ಡೈವಿಂಗ್ ಅನ್ನೇ ಹೊರಗಿಡುತ್ತವೆ, ಕೆಲವು ಇಂತಿಷ್ಟು ಆಳದವರೆಗೆ ಎಂದು ಮಿತಿ ಹಾಕುತ್ತವೆ. ಚೇಂಬರ್ ಚಿಕಿತ್ಸೆ ಮತ್ತು ಸಾಗಣೆ ಎರಡೂ ಸೇರಿವೆಯೇ ಎಂದು ಓದಿ ನೋಡಿ. ಸೆಂಟರ್‌ನ ಆರೋಗ್ಯ ಪ್ರಶ್ನಾವಳಿಯನ್ನೂ ಮನೆಯಲ್ಲಿರುವಾಗಲೇ ತರಿಸಿಕೊಂಡು ಓದಿ. ಅದರಲ್ಲಿ ಒಂದು ಪ್ರಶ್ನೆಗೆ "ಹೌದು" ಎಂಬ ಉತ್ತರವಿದ್ದರೂ ವೈದ್ಯರ ಸಹಿ ಕೇಳಬಹುದು, ದ್ವೀಪದಲ್ಲಿ ಆ ಸಹಿಗಾಗಿ ವೈದ್ಯರನ್ನು ಹುಡುಕುವುದು ಸುಲಭವಲ್ಲ.

ಕಡಲಗೀರು ಮತ್ತೆ ಬರೆದದ್ದು:

ಗುಡ್ಡದ ಯೋಚನೆಯನ್ನು ಕೈಬಿಟ್ಟಿದ್ದೇನೆ, ಅದನ್ನು ಪ್ರವಾಸದ ಆರಂಭಕ್ಕೆ ತರುತ್ತೇನೆ. ಎರಡು ಸಣ್ಣ ಲಾಡ್ಜ್‌ಗಳು ಕಣ್ಣಮುಂದಿವೆ. ಇಷ್ಟೊಂದು ಪ್ರಶ್ನೆಗಳನ್ನು ಒಂದೇ ಪತ್ರದಲ್ಲಿ ಕೇಳಿದರೆ ಅವರಿಗೆ ಕಿರಿಕಿರಿಯಾಗುವುದಿಲ್ಲವೇ?

ಹವಳದಂಡೆ ಅವರ ಉತ್ತರ:

ಆಗುವುದಿಲ್ಲ. ಚೆನ್ನಾಗಿ ನಡೆಯುವ ಲಾಡ್ಜಿನವರು ಇಂಥ ಪತ್ರ ಬರೆದವರನ್ನು ಒಳ್ಳೆಯ ಅತಿಥಿಯೆಂದೇ ಎಣಿಸುತ್ತಾರೆ. ನಿಮ್ಮ ಹಂತ, ಡೈವ್‌ಗಳ ಸಂಖ್ಯೆ, ಕೊನೆಯ ಡೈವ್ ಮಾಡಿದ ತಿಂಗಳು, ಬಾಡಿಗೆಗೆ ಬೇಕಾದ ಉಪಕರಣಗಳ ಅಳತೆ, ಇವುಗಳನ್ನು ಮೊದಲ ಸಾಲುಗಳಲ್ಲೇ ತಿಳಿಸಿ. ಆಮೇಲೆ ಹೀಗೆ ಬರೆಯಬಹುದು:

"ನಾನು ಒಬ್ಬಳೇ ಬರುತ್ತಿದ್ದೇನೆ. ಆ ವಾರ ನನ್ನ ಹಂತದ ಇತರ ಡೈವರ್‌ಗಳು ಇದ್ದಾರೆಯೇ? ಒಬ್ಬಳೇ ಇದ್ದರೂ ದೋಣಿ ಹೊರಡುತ್ತದೆಯೇ, ಅಥವಾ ಗೈಡ್‌ನೊಂದಿಗೆ ಹೌಸ್ ರೀಫ್‌ನಲ್ಲಿ ಇಳಿಯಬಹುದೇ? ಒಬ್ಬ ಗೈಡ್‌ಗೆ ಎಷ್ಟು ಡೈವರ್‌ಗಳು? ಒಬ್ಬಳಿಗೆ ಕೊಠಡಿಯ ಬಾಡಿಗೆ ಎಷ್ಟು? ರಾತ್ರಿ ಆವರಣದಲ್ಲಿ ಯಾರಿರುತ್ತಾರೆ, ಆಮ್ಲಜನಕ ಎಲ್ಲಿರುತ್ತದೆ, ಯಾವ ಚೇಂಬರ್‌ಗೆ ಕಳುಹಿಸುತ್ತೀರಿ? ಹವಾಮಾನದಿಂದ ಡೈವ್ ರದ್ದಾದರೆ ಆ ಹಣ ಮರಳುತ್ತದೆಯೇ?"

ಇಬ್ಬರಿಗೂ ಇದೇ ಪತ್ರವನ್ನು ಒಂದೇ ದಿನ ಕಳುಹಿಸಿ. ಬಾಡಿಗೆಯ ಪ್ರಶ್ನೆಗೆ ಮಾತ್ರ ಉತ್ತರಿಸಿ ಉಳಿದದ್ದಕ್ಕೆ "ಚಿಂತಿಸಬೇಡಿ" ಎಂದು ಬರೆದವರನ್ನು ಬಿಟ್ಟುಬಿಡಿ. ನಿಮ್ಮ ಕೊನೆಯ ಡೈವ್ ಆಗಿ ಎಷ್ಟು ಕಾಲವಾಯಿತು ಎಂದು ತಿರುಗಿ ವಿಚಾರಿಸುವವರು, ಅಥವಾ ಆ ವಾರ ಜನ ಕಡಿಮೆ, ಮುಂದಿನ ವಾರ ಬಂದರೆ ನಿಮ್ಮ ಹಂತದ ಗುಂಪೊಂದು ಇರುತ್ತದೆ ಎಂದು ತಾವಾಗಿಯೇ ಹೇಳುವವರು ಸಿಕ್ಕರೆ, ಕೊಠಡಿ ಸ್ವಲ್ಪ ಸಾಧಾರಣವಾಗಿದ್ದರೂ ಅಲ್ಲಿಗೇ ಹೋಗಿ. ರಜೆಯನ್ನು ಒಂದು ವಾರ ಮುಂದೂಡಲು ನಿಮ್ಮ ಕೆಲಸದಲ್ಲಿ ಅವಕಾಶವಿದೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳಿ, ವಿಮಾನದ ಟಿಕೆಟನ್ನು ಅವರ ಉತ್ತರ ಬಂದ ಮೇಲೆ ಕೊಳ್ಳಿ.